ಚಿತ್ರದಲ್ಲಿ ಹೇಳಿದ ಆತ್ಮಕಥೆಗಳು: ನಿಮ್ಮನ್ನು ತಡೆದು ನಿಲ್ಲಿಸಿದ ಪುಟ ಯಾವುದು?

ಶಾಯಿಗೆರೆ

ಬರೆದ ಆತ್ಮಕಥೆ ಓದುವುದು ಬೇರೆ, ಕಾಮಿಕ್ಸ್ ಥರ ಚಿತ್ರ ಬಿಡಿಸಿ ಹೇಳಿದ ಆತ್ಮಕಥೆ ಓದುವುದು ಬೇರೆ. ಇದು ನನಗೆ ಖಚಿತವಾಗಿದೆ. ಆದರೆ ಏನು ಬೇರೆ ಅಂತ ಯಾರಾದರೂ ಕೇಳಿದರೆ ಸರಿಯಾಗಿ ಹೇಳಲು ಬರುವುದಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಐದಕ್ಕೆ ಎಷ್ಟು ನಕ್ಷತ್ರ ಅನ್ನೋದೆಲ್ಲ ಬೇಡ. ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಪುಟ ಹೇಳಿ. ಅಲ್ಲಿ ಏನಿತ್ತು, ಯಾಕೆ ನಿಂತಿರಿ, ಅಷ್ಟು ಸಾಕು.

ನನ್ನದು ಮರ್ಜಾನ್ ಸತ್ರಪಿ ಅವರ ‘ಪರ್ಸೆಪೊಲಿಸ್’. ಇರಾನಿನ 1979ರ ಕ್ರಾಂತಿ, ಆಮೇಲೆ ಇರಾಕ್ ಜೊತೆಗಿನ ಯುದ್ಧ, ಇವುಗಳ ನಡುವೆ ಟೆಹರಾನಿನಲ್ಲಿ ಬೆಳೆದ ಹುಡುಗಿಯ ಕಥೆ. ಫ್ರೆಂಚಿನಲ್ಲಿ 2000ರಿಂದ 2003ರವರೆಗೆ ನಾಲ್ಕು ಭಾಗಗಳಾಗಿ ಬಂತು. ಪೂರ್ತಿ ಕಪ್ಪು ಬಿಳುಪು. ಒಂದು ದಿನ ಹುಡುಗಿ ಜೀನ್ಸ್ ಕೊಳ್ಳಲು ಹೋಗಿರುತ್ತಾಳೆ. ತಮ್ಮ ಬಡಾವಣೆಗೆ ಕ್ಷಿಪಣಿ ಬಿದ್ದಿದೆ ಅಂತ ಗೊತ್ತಾಗಿ ಓಡಿ ಬರುತ್ತಾಳೆ. ಅವಳ ಮನೆ ಉಳಿದಿದೆ. ಪಕ್ಕದ ಯಹೂದಿ ಕುಟುಂಬದ ಮನೆ ಇಲ್ಲ. ಅವತ್ತು ಶನಿವಾರ, ಅವರ ಸಬ್ಬತ್, ಅಂದರೆ ಕೆಲಸ ಬಿಟ್ಟು ಪ್ರಾರ್ಥಿಸುವ ದಿನ, ಹಾಗಾಗಿ ಅವರೆಲ್ಲ ಮನೆಯಲ್ಲೇ ಇದ್ದರು. ಕುಸಿದ ಗೋಡೆಗಳ ನಡುವೆ ಗೆಳತಿ ನೇದಾಳ ಬ್ರೇಸ್‌ಲೆಟ್ ಕಾಣುತ್ತದೆ. ಅದು ಯಾವುದಕ್ಕೆ ಅಂಟಿಕೊಂಡಿತ್ತು ಅನ್ನುವ ಮಾತನ್ನು ಆಕೆ ಮುಗಿಸುವುದಿಲ್ಲ. ಆಮೇಲೆ ಹುಡುಗಿ ಮುಖ ಮುಚ್ಚಿಕೊಳ್ಳುತ್ತಾಳೆ. ಕೊನೆಯ ಚೌಕ ಪೂರ್ತಿ ಕಪ್ಪು.

ಆ ಕಪ್ಪಿನ ಕೆಳಗೆ ಓದಲು ಒಂದೇ ಸಾಲು ಇದೆ. ನೋಡಲು ಏನೂ ಇಲ್ಲ. ಆದರೂ ನಾನು ಅಲ್ಲಿಂದ ಮುಂದೆ ಹೋಗಲಿಲ್ಲ. ಗದ್ಯದಲ್ಲಿ ‘ನನಗೆ ಮಾತೇ ಹೊರಡಲಿಲ್ಲ’ ಅಂತ ಬರೆಯಬಹುದು. ಅದೂ ಮಾತೇ ಅಲ್ವಾ? ಇಲ್ಲಿ ಚಿತ್ರ ನಿಜವಾಗಿಯೂ ನಿಂತುಹೋಗಿದೆ.

ರಾತ್ರಿಪಾಳಿ

ನನ್ನದು ಡೇವಿಡ್ ಸ್ಮಾಲ್ ಅವರ ‘ಸ್ಟಿಚಸ್’, 2009ರ ಪುಸ್ತಕ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಹಾಗಾಗಿ ನನಗೆ ಇದು ಜಾಸ್ತಿ ತಟ್ಟಿರಬಹುದು.

ಅಪ್ಪ ಕ್ಷ-ಕಿರಣದ ವೈದ್ಯ. ಮಗನಿಗೆ ಚಿಕ್ಕಂದಿನಲ್ಲಿ ಸೈನಸ್ ತೊಂದರೆ. ಅದಕ್ಕೆ ಅಪ್ಪನೇ ಮತ್ತೆ ಮತ್ತೆ ಕ್ಷ-ಕಿರಣ ಕೊಡುತ್ತಾನೆ. ಆ ಕಾಲದಲ್ಲಿ ಮಕ್ಕಳ ಟಾನ್ಸಿಲ್‌ಗೆ, ತಲೆಯ ಹುಳುಕಡ್ಡಿಗೆ ಕೂಡ ಹೀಗೆ ವಿಕಿರಣ ಕೊಡುತ್ತಿದ್ದರು. ವರ್ಷಗಳು ಕಳೆದ ಮೇಲೆ ಅಂಥವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚು ಕಂಡುಬಂತು. ಈ ಹುಡುಗನ ಕುತ್ತಿಗೆಯಲ್ಲೂ ಗಡ್ಡೆ ಬೆಳೆಯುತ್ತದೆ. ಹದಿನಾಲ್ಕನೇ ವಯಸ್ಸಿಗೆ ಶಸ್ತ್ರಚಿಕಿತ್ಸೆ. ಎಚ್ಚರವಾದಾಗ ಒಂದು ಕಡೆಯ ಧ್ವನಿತಂತು ಇಲ್ಲ, ದನಿಯೂ ಇಲ್ಲ. ಅದು ಕ್ಯಾನ್ಸರ್ ಅಂತ ಮನೆಯವರು ಅವನಿಗೆ ಹೇಳಿಯೇ ಇರುವುದಿಲ್ಲ. ಅಮ್ಮ ಬರೆಯುತ್ತಿದ್ದ ಒಂದು ಪತ್ರ ಕಣ್ಣಿಗೆ ಬಿದ್ದು ಅವನಿಗೇ ಗೊತ್ತಾಗುತ್ತದೆ.

ನಾನು ನಿಂತ ಪುಟ ಇವು ಯಾವುದೂ ಅಲ್ಲ. ಮುಂದೆ ಅವನು ಒಬ್ಬ ಮನೋವೈದ್ಯನ ಹತ್ತಿರ ಹೋಗುತ್ತಾನೆ. ಆ ವೈದ್ಯನನ್ನು ಬಿಳಿ ಮೊಲವಾಗಿ ಬಿಡಿಸಿದ್ದಾರೆ. ‘ನಿನ್ನ ತಾಯಿ ನಿನ್ನನ್ನು ಪ್ರೀತಿಸುವುದಿಲ್ಲ’ ಅಂತ ಆ ಮೊಲ ಅವನಿಗೆ ಹೇಳುತ್ತದೆ. ಅಲ್ಲಿಂದ ಪುಟ ಪುಟಗಳ ತುಂಬ ಬರೀ ಮಳೆ. ಕಿಟಕಿ, ಬೀದಿ, ನೀರು. ಒಂದು ಅಕ್ಷರವೂ ಇಲ್ಲ.

ಕೆಟ್ಟ ಸುದ್ದಿ ಕೇಳಿದವರು ಸುಮ್ನೆ ಕೂರುವುದನ್ನು ನಾನು ದಿನವೂ ನೋಡುತ್ತೇನೆ. ಆ ಹೊತ್ತಿನ ಉದ್ದ ಎಷ್ಟು ಅಂತ ಯಾವ ಬರಹವೂ ನನಗೆ ಸರಿಯಾಗಿ ತೋರಿಸಿರಲಿಲ್ಲ. ಈ ಪುಟಗಳು ತೋರಿಸಿದವು. ದಯವಿಟ್ಟು ಅವನ್ನು ಬೇಗ ಬೇಗ ಮಗುಚಬೇಡಿ.

ಹಳೇಪುಟ

ಎಲ್ಲರೂ ಮೆಚ್ಚಿ ಮಾತಾಡುವ ಕಡೆ ನನ್ನದೊಂದು ತಕರಾರು ಇದೆ. ಬೇಸರ ಮಾಡಿಕೊಳ್ಳಬೇಡಿ.

ನಾನು ಅಕ್ಷರದ ಆತ್ಮಕಥೆಗಳನ್ನು ಬಹಳ ಓದುತ್ತೇನೆ. ಅಲ್ಲಿ ‘ನನಗೆ ನೆನಪಿರುವಷ್ಟು ಇದು’ ಅಂತ ಬರೆದವರು ಒಂದು ಗೆರೆ ಹಾಕಿಕೊಳ್ಳಬಹುದು. ಕೋಣೆಯ ಗೋಡೆಗೆ ಯಾವ ಬಣ್ಣ ಅಂತ ನೆನಪಿಲ್ಲದಿದ್ದರೆ ಬಿಟ್ಟುಬಿಡಬಹುದು. ಚಿತ್ರಕಾರನಿಗೆ ಆ ಅನುಕೂಲ ಇಲ್ಲ. ಕುರ್ಚಿ ಎಲ್ಲಿತ್ತು, ಅಪ್ಪ ಯಾವ ಅಂಗಿ ಹಾಕಿದ್ದ, ಎಲ್ಲವನ್ನೂ ಬಿಡಿಸಲೇಬೇಕು. ಅಂದರೆ ಗೊತ್ತಿಲ್ಲದ್ದನ್ನೂ ಕಟ್ಟಲೇಬೇಕು. ಹಾಗೆ ಕಟ್ಟಿದ್ದನ್ನು ನಾನು ಸಾಕ್ಷಿ ಅಂತ ಹೇಗೆ ಒಪ್ಪಲಿ?

ಎರಡನೆಯದು, ಇವು ಬೇಗ ಮುಗಿಯುತ್ತವೆ. ಒಬ್ಬರ ಇಡೀ ಬದುಕು ಒಂದು ಸಂಜೆಯಲ್ಲಿ ಓದಿ ಮುಗಿಯಿತು ಅಂದರೆ ಏನೋ ಕಡಿಮೆ ಆದಂತೆ ಅನಿಸುತ್ತದೆ.

ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾಜಿಗಳು ನಡೆಸಿದ ಯಹೂದಿ ಹತ್ಯಾಕಾಂಡದಲ್ಲಿ ಬದುಕುಳಿದ ಅಪ್ಪನ ಕಥೆಯನ್ನು, ಅಲ್ಲಿ ಇಲ್ಲದ ಮಗ, ಯಹೂದಿಗಳನ್ನು ಇಲಿಗಳಾಗಿ, ಜರ್ಮನ್ನರನ್ನು ಬೆಕ್ಕುಗಳಾಗಿ ಬಿಡಿಸಿ ಹೇಳುತ್ತಾನೆ. ಇದನ್ನು ಆತ್ಮಕಥೆಯ ಕಪಾಟಿನಲ್ಲಿ ಇಡುವುದು ಸರಿಯಾ?

ಕಂದೀಲು

ಹಳೇಪುಟ ಅವರೇ, ನಿಮ್ಮ ಪ್ರಶ್ನೆ ಒಳ್ಳೆಯದು. ಅದಕ್ಕೆ ಉತ್ತರ ಅದೇ ‘ಮೌಸ್’ನಲ್ಲಿ ಇದೆ.

ಎರಡನೇ ಸಂಪುಟದಲ್ಲಿ ಒಂದು ಪುಟ ಬರುತ್ತದೆ. ಆಶ್ವಿಟ್ಸ್ ಶಿಬಿರದ ಗೇಟಿನ ಬಳಿ ಕೈದಿಗಳ ವಾದ್ಯವೃಂದ ನುಡಿಸುತ್ತಿತ್ತು ಅನ್ನುವುದು ದಾಖಲೆಗಳಲ್ಲಿ ಇರುವ ಸಂಗತಿ. ಮಗ ಆರ್ಟ್ ಅದರ ಬಗ್ಗೆ ಓದಿದ್ದಾನೆ, ಅಪ್ಪನನ್ನು ಕೇಳುತ್ತಾನೆ. ಅಪ್ಪ ವ್ಲಾಡೆಕ್ ‘ಇಲ್ಲ, ನಾನು ಯಾವ ವಾದ್ಯವನ್ನೂ ನೋಡಲಿಲ್ಲ, ಸಾಲಾಗಿ ನಡೆದದ್ದು ಮಾತ್ರ ನೆನಪಿದೆ’ ಅನ್ನುತ್ತಾನೆ. ಈಗ ಚಿತ್ರಕಾರ ಯಾರನ್ನು ನಂಬಬೇಕು? ಸ್ಪೀಗಲ್‌ಮನ್ ಮೊದಲು ವಾದ್ಯವೃಂದವನ್ನು ಕಾಣುವಂತೆ ಬಿಡಿಸುತ್ತಾರೆ. ಅಪ್ಪ ‘ಇಲ್ಲ’ ಅಂದ ಮೇಲೆ ಅದೇ ನೋಟ ಮತ್ತೆ ಬರುತ್ತದೆ. ಈ ಸಲ ನಡೆಯುವ ಕೈದಿಗಳ ಸಾಲು ಮುಂದೆ ಬಂದು ವಾದ್ಯಗಾರರನ್ನು ಮುಚ್ಚಿಬಿಟ್ಟಿದೆ. ಸಾಲಿನ ಮೇಲೆ ವಾದ್ಯಗಳ ತುದಿ ಮಾತ್ರ ಕಾಣುತ್ತದೆ.

ಅಪ್ಪನ ನೆನಪೂ ಉಳಿಯಿತು, ಇತಿಹಾಸವೂ ಉಳಿಯಿತು. ಎರಡಕ್ಕೂ ಹೊಂದಾಣಿಕೆ ಆಗಲಿಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ. ನೀವು ಕೇಳಿದ ‘ನನಗೆ ನೆನಪಿರುವಷ್ಟು’ ಅನ್ನುವ ಗೆರೆ ಇದೇ ಅಲ್ವಾ?

ಕಪಾಟಿನ ವಿಷಯ ಹೊಸದಲ್ಲ. 1991ರಲ್ಲಿ ಎರಡನೇ ಸಂಪುಟ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಕಾದಂಬರಿ, ಕಥೆಗಳ ಸಾಲಿಗೆ ಬಂತು. ಸ್ಪೀಗಲ್‌ಮನ್ ಪತ್ರ ಬರೆದು ಆಕ್ಷೇಪ ಎತ್ತಿದರು. ಪತ್ರಿಕೆ ಅದನ್ನು ಕಥೆಯಲ್ಲದ ಬರಹಗಳ ಪಟ್ಟಿಗೆ ಬದಲಿಸಿತು. ಮರುವರ್ಷ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಅಪ್ಪನ ಮಾತುಗಳನ್ನು ಟೇಪಿನಲ್ಲಿ ಮುದ್ರಿಸಿಕೊಂಡು, ಶಿಬಿರದ ಜಾಗಕ್ಕೆ ಹೋಗಿ ನೋಡಿ, ನಕ್ಷೆಗಳನ್ನು ಅಳೆದು ಮಾಡಿದ ಕೆಲಸ ಅದು. ಧಾರಾವಾಹಿಯಾಗಿ 1980ರಿಂದ 1991ರವರೆಗೆ ಬಂತು.

ಇಲಿ ಮುಖದ ಬಗ್ಗೆ ಒಂದು ಮಾತು. ಯಹೂದಿಗಳು ಪೋಲೆಂಡಿನವರ ಹಾಗೆ ನಟಿಸಿ ತಪ್ಪಿಸಿಕೊಳ್ಳುವಾಗ ಇಲಿಗಳು ಹಂದಿಯ ಮುಖವಾಡ ಕಟ್ಟಿಕೊಳ್ಳುತ್ತವೆ. ಮುಖವಾಡದ ದಾರವೂ ಕಾಣುತ್ತದೆ. ಮುಂದೆ ಆರ್ಟ್ ತನ್ನನ್ನೇ ಇಲಿಯ ಮುಖವಾಡ ಹಾಕಿದ ಮನುಷ್ಯನಾಗಿ ಬಿಡಿಸಿಕೊಳ್ಳುತ್ತಾನೆ. ಮೇಜಿನ ಕೆಳಗೆ ಹೆಣಗಳ ರಾಶಿ. ಪುಸ್ತಕ ಗೆದ್ದಿದೆ, ಹೆಸರು ಬಂದಿದೆ, ಅವನು ಕೂತಿರುವುದು ಅದರ ಮೇಲೆ. ‘ಇದು ನಾನು ಕಟ್ಟಿದ್ದು, ನೋಡಿಕೊಂಡು ನಂಬಿ’ ಅಂತ ಆ ಪುಸ್ತಕ ಪದೇ ಪದೇ ಹೇಳುತ್ತದೆ. ಇಷ್ಟು ಪ್ರಾಮಾಣಿಕವಾಗಿ ತನ್ನ ಕೈಯನ್ನು ತೋರಿಸುವ ಗದ್ಯದ ಆತ್ಮಕಥೆ ಎಷ್ಟಿವೆ ಹೇಳಿ.

ಅರ್ಧಓದು

ನನಗೆ ಪರ್ಸೆಪೊಲಿಸ್ ಹಿಡಿಸಲಿಲ್ಲ. ಕಥೆ ಚೆನ್ನಾಗಿದೆ, ಚಿತ್ರ ಮಕ್ಕಳು ಬಿಡಿಸಿದ ಹಾಗಿದೆ. ಎಲ್ಲ ಮುಖಗಳೂ ಒಂದೇ ಥರ. ಅರ್ಧಕ್ಕೆ ಬಿಟ್ಟೆ.

ಶಾಯಿಗೆರೆ

ಅರ್ಧಓದು ಅವರೇ, ಮೊದಲ ಪುಟದ ಶಾಲೆಯ ಹುಡುಗಿಯರನ್ನು ಇನ್ನೊಂದು ಸಲ ನೋಡಿ. ಎಲ್ಲರ ತಲೆಗೂ ಒಂದೇ ಥರದ ಕಪ್ಪು ವಸ್ತ್ರ. ಆದರೆ ಒಬ್ಬೊಬ್ಬಳ ಹುಬ್ಬು, ಕಣ್ಣು, ಹಣೆಯ ಕೂದಲು ಬೇರೆ ಬೇರೆ. ಎಲ್ಲರನ್ನೂ ಒಂದೇ ಮಾಡಲು ಹೊರಟ ಆಡಳಿತದ ಕೆಳಗೆ ಇಷ್ಟಿಷ್ಟೇ ಬೇರೆ ಉಳಿದುಕೊಳ್ಳುವ ಮಕ್ಕಳು ಅವರು. ಆ ಸರಳ ಗೆರೆ ಬೇಕಂತಲೇ ಇಟ್ಟದ್ದು ಅಂತ ನನ್ನ ನಂಬಿಕೆ. ಹತ್ತು ವರ್ಷದ ಹುಡುಗಿಯ ಕಣ್ಣಿನಿಂದ ನೋಡುವ ಕಥೆಗೆ ನುರಿತ ನೆರಳು ಬೆಳಕಿನ ಚಿತ್ರ ಹಾಕಿದ್ದರೆ ಅದು ದೊಡ್ಡವರ ಕಥೆ ಆಗಿಬಿಡುತ್ತಿತ್ತು.

ಗೆರೆಗಾರ್ತಿ

ನಾನು ಚಿತ್ರ ಬಿಡಿಸಿ ಬದುಕುವವಳು. ಹಳೇಪುಟ ಅವರ ಎರಡನೇ ಮಾತಿಗೆ, ಅಂದರೆ ಬೇಗ ಮುಗಿಯುತ್ತದೆ ಅನ್ನುವುದಕ್ಕೆ, ಉತ್ತರ ಹೇಳಬೇಕು ಅನಿಸಿತು.

ಆಲಿಸನ್ ಬೆಕ್‌ಡೆಲ್ ಅವರ ‘ಫನ್ ಹೋಮ್’ 2006ರಲ್ಲಿ ಬಂತು. ಮಾಡಲು ಏಳು ವರ್ಷ ಹಿಡಿಯಿತು. ಅಪ್ಪ ಇಂಗ್ಲಿಷ್ ಮೇಷ್ಟ್ರು, ಜೊತೆಗೆ ಮನೆತನದ ಶವಸಂಸ್ಕಾರದ ಕೆಲಸ ನಡೆಸುತ್ತಿದ್ದವರು. ಗಂಡಸರ ಮೇಲಿನ ತಮ್ಮ ಆಸೆಯನ್ನು ಬದುಕೆಲ್ಲ ಮುಚ್ಚಿಟ್ಟವರು. ಮಗಳು ಕಾಲೇಜಿನಿಂದ ‘ನಾನು ಲೆಸ್ಬಿಯನ್’ ಅಂತ ಮನೆಗೆ ಪತ್ರ ಬರೆದ ಕೆಲವೇ ತಿಂಗಳಲ್ಲಿ, 1980ರಲ್ಲಿ, ಅಪ್ಪ ಲಾರಿಗೆ ಸಿಕ್ಕಿ ಸತ್ತರು. ಅಪಘಾತವಾ, ಬೇಕಂತಲೇ ಹೋದರಾ? ಗೊತ್ತಿಲ್ಲ. ಪುಸ್ತಕ ಆ ‘ಗೊತ್ತಿಲ್ಲ’ದ ಸುತ್ತಲೇ ತಿರುಗುತ್ತದೆ.

ಬೆಕ್‌ಡೆಲ್ ಪ್ರತಿ ಪಾತ್ರದ ಭಂಗಿಗೂ ತಾವೇ ಕ್ಯಾಮೆರಾ ಮುಂದೆ ನಿಂತು ಫೋಟೊ ತೆಗೆದುಕೊಂಡು, ಅದನ್ನು ನೋಡಿ ಬಿಡಿಸಿದರು. ಸತ್ತ ಅಪ್ಪನ ಭಂಗಿಗೂ ಅವರೇ ನಿಂತರು. ಅಪ್ಪ ಹೇಗೆ ಕೈ ಕಟ್ಟುತ್ತಿದ್ದರು, ಹೇಗೆ ಬಗ್ಗುತ್ತಿದ್ದರು, ಅದನ್ನೆಲ್ಲ ತಮ್ಮ ಮೈಯಲ್ಲಿ ಮಾಡಿ ನೋಡಿದರು. ಹಳೆಯ ಪತ್ರಗಳು, ದಿನಚರಿ, ನಕ್ಷೆ, ಫೋಟೊ ಎಲ್ಲವನ್ನೂ ಅಂಟಿಸದೆ ಕೈಯಿಂದಲೇ ಮತ್ತೆ ಬಿಡಿಸಿದರು. ಅಪ್ಪನ ಅಕ್ಷರವನ್ನು ಅಪ್ಪನ ಕೈಬರಹದಲ್ಲೇ ಬರೆಯುವಾಗ ಆ ಮಗಳಿಗೆ ಏನಾಗಿರಬೇಕು! ನನ್ನ ಕೆಲಸದಲ್ಲಿ ಒಂದು ಮುಖವನ್ನು ಮತ್ತೆ ಮತ್ತೆ ಬಿಡಿಸಿದರೆ ಆ ಮುಖದ ಮೇಲಿನ ಸಿಟ್ಟು ಉಳಿಯುವುದು ಕಷ್ಟ. ಇದು ನನ್ನ ಅನುಭವ.

ನಾನು ನಿಂತ ಪುಟ ಬೇರೆ. ಹತ್ತು ವರ್ಷದ ಆಲಿಸನ್ ದಿನಚರಿ ಬರೆಯಲು ಶುರು ಮಾಡುತ್ತಾಳೆ. ಅವತ್ತು ನಡೆದದ್ದನ್ನು ಬರೆದ ಮೇಲೆ ಅನುಮಾನ ಬರುತ್ತದೆ. ನಾನು ಬರೆದದ್ದು ನಿಜವಾಗಿ ನಡೆಯಿತಾ? ಹಾಗಾಗಿ ವಾಕ್ಯಗಳ ನಡುವೆ ಸಣ್ಣಗೆ ‘ಅನಿಸುತ್ತದೆ’ ಅಂತ ಸೇರಿಸುತ್ತಾಳೆ. ಆಮೇಲೆ ಅದು ಒಂದು ಗುರುತಾಗಿ ಬದಲಾಗುತ್ತದೆ. ಕೊನೆಗೆ ಆ ಗುರುತು ಇಡೀ ಪುಟದ ಮೇಲೆ ಅಡ್ಡಡ್ಡ ಹರಡಿಕೊಳ್ಳುತ್ತದೆ. ಅಕ್ಷರಗಳೇ ಕಾಣುವುದಿಲ್ಲ.

ಹಳೇಪುಟ ಅವರೇ, ನೀವು ಕೇಳುವ ಅನುಮಾನವನ್ನು ಆ ಹುಡುಗಿ ಆಗಲೇ ಕೇಳಿಕೊಂಡಿದ್ದಾಳೆ.

ಹಳೇಪುಟ

ವಾದ್ಯದ ಪುಟ, ದಿನಚರಿಯ ಪುಟ, ಎರಡರ ಬಗ್ಗೆಯೂ ಕೇಳಿ ಖುಷಿಯಾಯಿತು. ಇಂಥ ಪುಟ ಇದ್ದರೆ ನನ್ನ ಮೊದಲ ತಕರಾರಿನ ಅರ್ಧ ಬಿಡಬಹುದು. ಅರ್ಧ ಮಾತ್ರ. ಅಪ್ಪ ಅಮ್ಮ ಊಟದ ಮೇಜಿನಲ್ಲಿ ಆಡಿದ ಮಾತುಗಳನ್ನು ಗುಳ್ಳೆಯಲ್ಲಿ ಅಷ್ಟು ಚೊಕ್ಕಟವಾಗಿ ಬರೆಯುತ್ತಾರಲ್ಲ, ಅದು ಯಾರಿಗೆ ನೆನಪಿರುತ್ತದೆ?

ಇನ್ನೊಂದು. ಸತ್ತವರು ಬಂದು ‘ಹಾಗಲ್ಲ’ ಅನ್ನಲಾರರು. ಮೌಸ್‌ನಲ್ಲಿ ಅಪ್ಪ ಜಿಪುಣ, ಎಲ್ಲರ ಮೇಲೂ ರೇಗುವವನು ಅಂತ ಕೇಳಿದ್ದೇನೆ. ಫನ್ ಹೋಮ್‌ನಲ್ಲಿ ಅಪ್ಪನ ಗುಟ್ಟೇ ಹೊರಗೆ ಬಂದಿದೆ. ಮಕ್ಕಳಿಗೆ ಇಷ್ಟು ಹಕ್ಕು ಇದೆಯಾ?

ಗೆರೆಗಾರ್ತಿ

ಹಕ್ಕಿನ ಪ್ರಶ್ನೆ ಗಂಭೀರವಾದದ್ದು. ಬದುಕಿದ್ದ ಅಮ್ಮನ ಬಗ್ಗೆ ಬೆಕ್‌ಡೆಲ್ 2012ರಲ್ಲಿ ಇನ್ನೊಂದು ಪುಸ್ತಕ ಮಾಡಿದರು. ಇಂಥ ಬರವಣಿಗೆಯ ಬಗ್ಗೆ ಅಮ್ಮನಿಗಿದ್ದ ಕಸಿವಿಸಿಯೂ ಅದರಲ್ಲೇ ಬರುತ್ತದೆ. ಅದರಿಂದ ಸಮಸ್ಯೆ ಬಗೆಹರಿಯಿತು ಅಂತ ನಾನು ಹೇಳುವುದಿಲ್ಲ. ಆದರೆ ಆ ಮನೆಯಲ್ಲಿ ಬೆಳೆದ ಮಗುವಿಗೂ ಒಂದು ಕಥೆ ಇದೆಯಲ್ಲ. ಅಪ್ಪನ ಗುಟ್ಟಿನ ಭಾರ ಹೊತ್ತವಳು ಅವಳೂ ಹೌದು.

ಕಂದೀಲು

ಜಿಪುಣ ಅಪ್ಪನನ್ನು ಬಿಡಿಸುವಾಗ ಮಗನಿಗೂ ಹಿಂಜರಿಕೆ ಇತ್ತು. ಹಣದ ಬಗ್ಗೆ ಯಹೂದಿಗಳನ್ನು ಹೀಗಳೆಯುವವರು ಹೇಳುವಂಥ ಅಪ್ಪನೇ ಆಗಿಬಿಡುತ್ತಾನಲ್ಲ ಅಂತ ಪುಸ್ತಕದೊಳಗೇ ಹೇಳಿಕೊಳ್ಳುತ್ತಾನೆ. ಆದರೂ ಇದ್ದ ಹಾಗೆ ಬಿಡಿಸುತ್ತಾನೆ. ನರಕ ದಾಟಿ ಬಂದವರೆಲ್ಲ ದೇವರಂಥವರು ಆಗಿರಬೇಕು ಅಂತ ನಾವು ಬಯಸುವುದೇ ಅನ್ಯಾಯ.

ಮತ್ತೊಂದು, ಆ ಪುಸ್ತಕದಲ್ಲಿ ಅಮ್ಮ ಆನ್ಯಾಳ ದನಿಯೇ ಇಲ್ಲ. ಆಕೆ 1968ರಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಆಕೆಯ ದಿನಚರಿಗಳನ್ನು ಮಗ ಕೇಳುತ್ತಲೇ ಇರುತ್ತಾನೆ. ಅಪ್ಪ ಅವನ್ನು ಸುಟ್ಟುಹಾಕಿದ್ದೇನೆ ಅಂತ ಕೊನೆಗೆ ಒಪ್ಪಿಕೊಳ್ಳುತ್ತಾನೆ. ಮೊದಲ ಸಂಪುಟ ಮುಗಿಯುವುದು ಮಗ ಅಪ್ಪನನ್ನು ‘ಕೊಲೆಗಾರ’ ಅಂದುಕೊಳ್ಳುತ್ತ. ಅಮ್ಮನ ದನಿಯನ್ನು ಮಗ ಊಹಿಸಿ ತುಂಬಬಹುದಿತ್ತು. ತುಂಬಲಿಲ್ಲ. ಹಳೇಪುಟ ಅವರೇ, ಗೊತ್ತಿಲ್ಲದ್ದನ್ನೂ ಕಟ್ಟಲೇಬೇಕು ಅಂದಿರಲ್ಲ, ಇಲ್ಲಿ ಕಟ್ಟಿಲ್ಲ.

ಕಪ್ಪುಹಲಗೆ

ನಾನು ಪಾಠ ಮಾಡುವವನು. ಈ ಪುಸ್ತಕಗಳನ್ನು ಮಕ್ಕಳಿಗೆ ಕೊಡಬಹುದಾ ಅಂತ ಪೋಷಕರು ಕೇಳುತ್ತಾರೆ. ಚಿತ್ರ ಇದೆ ಅಂದ ಕೂಡಲೇ ಮಕ್ಕಳದ್ದು ಅಂತ ಕೆಲವರು, ಚಿತ್ರ ಇದೆ ಅಂದ ಕೂಡಲೇ ಅಪಾಯ ಅಂತ ಇನ್ನು ಕೆಲವರು.

2022ರ ಜನವರಿಯಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಮೆಕ್‌ಮಿನ್ ಕೌಂಟಿ ಶಾಲಾ ಮಂಡಳಿ ಮೌಸ್ ಅನ್ನು ಎಂಟನೇ ತರಗತಿಯ ಪಾಠದಿಂದ ತೆಗೆಯಿತು. ಕೊಟ್ಟ ಕಾರಣ ಕೆಲವು ಬೈಗುಳ ಮತ್ತು ಒಂದು ಬೆತ್ತಲೆ ಚಿತ್ರ. ಆ ಚಿತ್ರ ಯಾವುದು ಗೊತ್ತಾ? ಸ್ನಾನದ ತೊಟ್ಟಿಯಲ್ಲಿ ಸತ್ತುಬಿದ್ದ ಅಮ್ಮ. ಮೌಸ್‌ಗೆ ಮೊದಲು ಮಾಡಿದ ಒಂದು ಸಣ್ಣ ಕಥೆಯನ್ನು ಸ್ಪೀಗಲ್‌ಮನ್ ಹಾಗೇ ಒಳಗೆ ಸೇರಿಸಿದ್ದಾರೆ. ಅಲ್ಲಿ ಇಲಿಗಳಿಲ್ಲ, ಮನುಷ್ಯರೇ. ಗೆರೆಯೂ ಬೇರೆ, ಒರಟು. ಆ ಪುಟ ನನ್ನನ್ನೂ ಅಲುಗಾಡಿಸಿತು. ಆದರೆ ಅದನ್ನು ಬೆತ್ತಲೆ ಅಂತ ಎಣಿಸಲು ನನಗೆ ಸಾಧ್ಯವಿಲ್ಲ.

ಜಪಾನಿನಲ್ಲೂ ಹೀಗಾಯಿತು. ಚಿತ್ರಕಾರ ಕೇಜಿ ನಕಾಜಾವ ಆರು ವರ್ಷದವರಿದ್ದಾಗ, 1945ರ ಆಗಸ್ಟ್ 6ರಂದು, ಅಣುಬಾಂಬ್ ಬಿದ್ದ ಹಿರೋಶಿಮಾದಲ್ಲಿ ಇದ್ದರು. ಶಾಲೆಯ ಗೋಡೆಯೊಂದು ಅಡ್ಡ ಇದ್ದದ್ದರಿಂದ ಉಳಿದರು. ಅಪ್ಪ, ಅಕ್ಕ, ತಮ್ಮ ಅವತ್ತೇ ಸತ್ತರು. 1966ರಲ್ಲಿ ಅಮ್ಮ ತೀರಿಕೊಂಡಾಗ ಸುಟ್ಟ ಮೇಲೆ ಮೂಳೆಯೂ ಉಳಿಯಲಿಲ್ಲ, ಬರೀ ಬೂದಿ. ವಿಕಿರಣ ಅಮ್ಮನ ಮೂಳೆಯನ್ನೂ ತಿಂದುಬಿಟ್ಟಿತು ಅನ್ನುವ ಸಿಟ್ಟು ಅವರನ್ನು ಈ ವಿಷಯಕ್ಕೆ ತಂದಿತು. ‘ಬೇರ್‌ಫೂಟ್ ಗೆನ್’ 1973ರಲ್ಲಿ ಹುಡುಗರ ವಾರಪತ್ರಿಕೆಯಲ್ಲಿ ಶುರುವಾಯಿತು. ಹೆಸರು ಬದಲಿಸಿದ್ದಾರೆ, ಕೆಲವನ್ನು ಕಟ್ಟಿದ್ದಾರೆ, ಬುಡದಲ್ಲಿ ಇರುವುದು ಅವರದೇ ಬದುಕು. 2012ರಲ್ಲಿ ಮತ್ಸುಯೆ ಎಂಬ ಊರಿನ ಶಾಲಾ ಗ್ರಂಥಾಲಯಗಳಲ್ಲಿ ಅದನ್ನು ಮಕ್ಕಳ ಕೈಗೆ ಸಿಗದಂತೆ ಇಟ್ಟರು. ವಿರೋಧ ಬಂದ ಮೇಲೆ 2013ರಲ್ಲಿ ಆ ನಿರ್ಬಂಧ ತೆಗೆದರು.

ನನ್ನ ಅಭಿಪ್ರಾಯ ಹೇಳುತ್ತೇನೆ. ಚಿತ್ರದ ಭಯ ಅಕ್ಷರದ ಭಯಕ್ಕಿಂತ ಬೇಗ ಒಳಗೆ ಹೋಗುತ್ತದೆ, ಅದು ನಿಜ. ಸಣ್ಣ ಮಗುವಿಗೆ ಗೆನ್ ಕೊಟ್ಟು ನೀವು ಬೇರೆ ಕೆಲಸಕ್ಕೆ ಹೋಗಬೇಡಿ. ಪಕ್ಕದಲ್ಲಿ ಕೂತು ಓದಿ. ಪ್ರಶ್ನೆ ಬಂದರೆ ನಿಲ್ಲಿಸಿ. ಆದರೆ ಹದಿಮೂರು ಹದಿನಾಲ್ಕರ ಮಕ್ಕಳಿಂದ ಮೌಸ್ ಅನ್ನು ಮುಚ್ಚಿಡುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ಚಿಕ್ಕಪರದೆ

ಫೋನಿನಲ್ಲಿ ಓದಿದರೆ ಆಗುತ್ತದಾ? ನನ್ನ ಹತ್ತಿರ ಅಷ್ಟೇ ಇರುವುದು.

ಗೆರೆಗಾರ್ತಿ

ಓದಬಹುದು. ಆದರೆ ಒಂದೊಂದೇ ಚೌಕ ತೋರಿಸುವ ವ್ಯವಸ್ಥೆ ಇದ್ದರೆ ಅದನ್ನು ಬಂದ್ ಮಾಡಿ. ಮೊದಲು ಇಡೀ ಪುಟ ನೋಡಿ, ಆಮೇಲೆ ದೊಡ್ಡದು ಮಾಡಿಕೊಂಡು ಓದಿ. ಯಾವ ಚೌಕದ ಪಕ್ಕ ಯಾವುದು ಇದೆ ಅನ್ನುವುದೂ ಕಥೆಯ ಭಾಗ. ಫನ್ ಹೋಮ್‌ನ ನಟ್ಟನಡುವೆ ಎರಡು ಪುಟ ತುಂಬ ಒಂದೇ ಫೋಟೊ ಬಿಡಿಸಿದ್ದಾರೆ. ಅದನ್ನು ಹಿಡಿದ ಬೆರಳೂ ಚಿತ್ರದಲ್ಲಿದೆ, ನಿಮ್ಮದೇ ಬೆರಳು ಅನ್ನುವಷ್ಟು ದೊಡ್ಡದಾಗಿ. ಸಣ್ಣ ಪರದೆಯಲ್ಲಿ ಅದು ತುಂಡಾಗಿಹೋಗುತ್ತದೆ. ಗ್ರಂಥಾಲಯದಲ್ಲಿ ಸಿಕ್ಕರೆ ಅಲ್ಲೇ ಓದಿ.

ದಡದಾಚೆ

ಯಾರೂ ಥಿ ಬುಯಿ ಅವರ ‘ದಿ ಬೆಸ್ಟ್ ವಿ ಕುಡ್ ಡು’ ಹೆಸರು ಎತ್ತಲಿಲ್ಲ. 2017ರಲ್ಲಿ ಬಂದದ್ದು. ವಿಯೆಟ್ನಾಮಿನಿಂದ 1978ರಲ್ಲಿ ದೋಣಿಯಲ್ಲಿ ತಪ್ಪಿಸಿಕೊಂಡು ಮಲೇಷ್ಯಾದ ಶಿಬಿರಕ್ಕೆ, ಅಲ್ಲಿಂದ ಅಮೆರಿಕಕ್ಕೆ ಬಂದ ಕುಟುಂಬ. ಕಥೆ ಶುರುವಾಗುವುದು ಬುಯಿ ತಾವೇ ಅಮ್ಮನಾಗುವ ಹೆರಿಗೆಯ ಕೋಣೆಯಲ್ಲಿ. ಇಡೀ ಪುಸ್ತಕಕ್ಕೆ ಕಪ್ಪು ಗೆರೆ, ಅದರ ಮೇಲೆ ಇಟ್ಟಿಗೆ ಕೆಂಪಿನ ಒಂದೇ ಬಣ್ಣ.

ನಾನು ಅಲ್ಲಿ ನಿಂತದ್ದು ಅಪ್ಪನ ಬಾಲ್ಯದ ಪುಟಗಳಲ್ಲಿ. ಮಕ್ಕಳಾಗಿದ್ದಾಗ ಬುಯಿ ಅಪ್ಪನಿಗೆ ಹೆದರುತ್ತಿದ್ದರು. ಬಾಗಿಲು ಹಾಕಿಕೊಂಡು, ಸಿಗರೇಟ್ ಹೊಗೆಯ ನಡುವೆ ಕೂತ ಅಪ್ಪ. ಆಮೇಲೆ ಅಪ್ಪನ ಮಾತುಗಳನ್ನು ಕೇಳಿ, ಅವರ ಹಸಿವಿನ ದಿನಗಳನ್ನು ಬಿಡಿಸುತ್ತಾರೆ. ಹೆದರಿಸುತ್ತಿದ್ದ ಅಪ್ಪನೂ, ಹೆದರಿ ಅಡಗಿದ್ದ ಆ ಹುಡುಗನೂ ಒಬ್ಬನೇ ಅಂತ ಕಾಣುವುದು ಮುಖದಿಂದ. ‘ನನಗೆ ಅಪ್ಪ ಅರ್ಥವಾದರು’ ಅಂತ ಬರೆದಿದ್ದರೆ ನಾನು ನಂಬುತ್ತಿದ್ದೆನೋ ಇಲ್ಲವೋ. ಎರಡೂ ಮುಖದಲ್ಲಿ ಒಂದೇ ಕಣ್ಣು ನೋಡಿದ ಮೇಲೆ ನಂಬಿದೆ.

ಪ್ರಾಣಿಯ ಮುಖದ ಮಾತು ಬಂತಲ್ಲ, ಮಲಿಕ್ ಸಜಾದ್ ಅವರ ‘ಮುನ್ನು’ ಕೂಡ ನೋಡಿ. 2015ರದು, ಕಾಶ್ಮೀರದಲ್ಲಿ ಬೆಳೆದ ಹುಡುಗನ ಕಥೆ. ಅಲ್ಲಿ ಕಾಶ್ಮೀರಿಗಳು ಮಾತ್ರ ಹಂಗುಲ್ ಜಿಂಕೆಗಳು, ಬೇರೆಯವರೆಲ್ಲ ಮನುಷ್ಯರು. ಅಳಿವಿನ ಅಂಚಿನಲ್ಲಿರುವ ಜಿಂಕೆ ಅದು. ಮೌಸ್ ನೋಡಿ ಮಾಡಿದ್ದು ಅಂತ ಕೆಲವರು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಮೌಸ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ಪ್ರಾಣಿ ಇದೆ. ಇಲ್ಲಿ ಒಂದು ಜನಕ್ಕೆ ಮಾತ್ರ. ಆ ವ್ಯತ್ಯಾಸವೇ ಅವರು ಹೇಳಬೇಕಾದ ಮಾತು.

ರಾತ್ರಿಪಾಳಿ

ರೋಗದ ಬಗ್ಗೆ ಇನ್ನೆರಡು ಹೇಳಿಬಿಡುತ್ತೇನೆ.

ಡೇವಿಡ್ ಬಿ. ಅವರ ‘ಎಪಿಲೆಪ್ಟಿಕ್’. ಫ್ರೆಂಚಿನಲ್ಲಿ 1996ರಿಂದ 2003ರವರೆಗೆ ಆರು ಭಾಗ. ಅಣ್ಣನಿಗೆ ಅಪಸ್ಮಾರ. ಅಪ್ಪ ಅಮ್ಮ ಯಾವ ಚಿಕಿತ್ಸೆಯನ್ನೂ ಬಿಡುವುದಿಲ್ಲ, ಪಥ್ಯದ ಆಶ್ರಮ, ಪ್ರೇತಗಳ ಜೊತೆ ಮಾತಾಡುವವರು, ಎಲ್ಲ ಕಡೆ ಹೋಗುತ್ತಾರೆ. ಚಿತ್ರದಲ್ಲಿ ರೋಗ ಒಂದು ಉದ್ದನೆಯ ಮೃಗ. ಅಣ್ಣನ ಮೈಗೆ ಸುತ್ತಿಕೊಂಡು, ಮನೆಯವರ ನಡುವೆಯೇ ಸುಳಿಯುತ್ತಿರುತ್ತದೆ. ರೋಗಿಯ ಮನೆಯವರು ಬಂದು ‘ಇವನು ಹೀಗಿರಲಿಲ್ಲ’ ಅನ್ನುವಾಗ ನನಗೆ ಆ ಮೃಗ ನೆನಪಾಗುತ್ತದೆ. ಅವರ ಕಣ್ಣಿಗೆ ಅದು ಕಾಣುತ್ತಿರುತ್ತದೆ, ನಮ್ಮ ದಾಖಲೆಯಲ್ಲಿ ಇರುವುದಿಲ್ಲ.

ಇನ್ನೊಂದು ರಾಝ್ ಚಾಸ್ಟ್ ಅವರ ‘ಕಾಂಟ್ ವಿ ಟಾಕ್ ಅಬೌಟ್ ಸಮ್‌ಥಿಂಗ್ ಮೋರ್ ಪ್ಲೆಸೆಂಟ್?’, 2014ರಲ್ಲಿ ಬಂದದ್ದು. ತೊಂಬತ್ತು ದಾಟಿದ ಅಪ್ಪ ಅಮ್ಮ, ಒಬ್ಬಳೇ ಮಗಳು. ಸಾವಿನ ಮಾತೆತ್ತಿದರೆ ಅವರು ಬೇರೆ ಏನಾದರೂ ಮಾತಾಡೋಣ ಅನ್ನುತ್ತಾರೆ. ನಗಿಸುವ ಚಿತ್ರಗಳು, ಬಣ್ಣ ಬಣ್ಣ. ಆರೈಕೆಗೆ ಎಷ್ಟು ಹಣ ಬೇಕು, ಎಲ್ಲಿಯವರೆಗೆ ಸಾಕಾಗುತ್ತದೆ ಅನ್ನುವ ಹೆದರಿಕೆಯನ್ನೂ ಅವರು ಮುಚ್ಚಿಡುವುದಿಲ್ಲ. ಕೊನೆಗೆ ಅಮ್ಮ ಹಾಸಿಗೆ ಹಿಡಿದ ಮೇಲೆ ಪಕ್ಕದಲ್ಲಿ ಕೂತು ಬಿಡಿಸಿದ ಚಿತ್ರಗಳು ಬರುತ್ತವೆ. ಬಣ್ಣ ಇಲ್ಲ, ನಗೆ ಇಲ್ಲ, ಮಾತಿನ ಗುಳ್ಳೆ ಇಲ್ಲ. ಹಾಸಿಗೆಯ ಪಕ್ಕ ಕೂರುವವರಿಗೆಲ್ಲ ನಾನು ಆ ಪುಸ್ತಕ ಹೇಳುತ್ತೇನೆ. ಹಣದ ಬಗ್ಗೆ ಯೋಚಿಸಿದ್ದಕ್ಕೆ ತಾವು ಕೆಟ್ಟವರು ಅಂದುಕೊಂಡ ಎಷ್ಟೋ ಮಕ್ಕಳಿಗೆ ಅದರಿಂದ ಸಮಾಧಾನ ಸಿಕ್ಕಿದೆ.

ಚುಕ್ಕಿಸಾಲು

ಎಲ್ಲರೂ ಚೌಕ ಚೌಕ ಅನ್ನುತ್ತಿದ್ದೀರಿ. ಚೌಕವೇ ಇಲ್ಲದ ಪುಸ್ತಕ ‘ಭೀಮಾಯನ’, 2011ರದು. ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಬಿಡಿಸಿದ್ದು. ಪಾತ್ರಗಳನ್ನು ಪೆಟ್ಟಿಗೆಯೊಳಗೆ ಕೂಡಿಹಾಕುವುದಿಲ್ಲ ಅಂದವರು ಅವರು. ತಮ್ಮ ಮನೆಗೋಡೆಯ ದಿಗ್ನಾ ವಿನ್ಯಾಸದಿಂದಲೇ ಪುಟವನ್ನು ಭಾಗ ಮಾಡಿದರು. ಅಂಬೇಡ್ಕರ್ ತಾವೇ ಬರೆದಿಟ್ಟ ‘ವೇಟಿಂಗ್ ಫಾರ್ ಎ ವೀಸಾ’ ಟಿಪ್ಪಣಿಗಳ ಘಟನೆಗಳು ಅದಕ್ಕೆ ಆಧಾರ. ಹಾಗಾಗಿ ಜೀವನಚರಿತ್ರೆ ಆದರೂ ಈ ಮಾತಿನಲ್ಲಿ ಅದಕ್ಕೆ ಜಾಗ ಇದೆ ಅಂತ ನನಗೆ ಅನಿಸುತ್ತದೆ.

ಹಳೇಪುಟ ಅವರು ಮಾತಿನ ಗುಳ್ಳೆ ನಂಬಲು ಆಗುವುದಿಲ್ಲ ಅಂದರು. ಇಲ್ಲಿ ಗುಳ್ಳೆಗೂ ಒಂದು ರೀತಿ ಇದೆ. ಮೃದುವಾದ ಮಾತು ಹಕ್ಕಿಯ ಆಕಾರದಲ್ಲಿ ಬರುತ್ತದೆ. ಜಾತಿಯ ವಿಷ ಇರುವ ಮಾತಿಗೆ ಚೇಳಿನ ಕೊಂಡಿ. ನೀರು ಕೇಳಿದ ಹುಡುಗನಿಗೆ ಯಾರು ಯಾವ ಶಬ್ದ ಆಡಿದರು ಅನ್ನುವುದು ಮರೆತಿರಬಹುದು. ಅದು ಕುಟುಕಿತು ಅನ್ನುವುದು ಮರೆಯುತ್ತದಾ?

ತೇಜು ಬೆಹನ್ ಅವರ ‘ಡ್ರಾಯಿಂಗ್ ಫ್ರಮ್ ದಿ ಸಿಟಿ’ ಕೂಡ ನೋಡಿ. ಹಾಡುತ್ತ ಬದುಕಿದವರು, ಆಮೇಲೆ ಚಿತ್ರ ಕಲಿತವರು. ಹಳ್ಳಿಯಿಂದ ನಗರಕ್ಕೆ ಬಂದ ತಮ್ಮ ಕಥೆಯನ್ನು 2012ರ ಈ ಪುಸ್ತಕದಲ್ಲಿ ಬರೀ ಚುಕ್ಕಿ ಮತ್ತು ಗೆರೆಯಲ್ಲಿ ಹೇಳಿದ್ದಾರೆ.

ಹಳೇಪುಟ

ಚೇಳಿನ ಕೊಂಡಿಯ ಮಾತು ನನಗೆ ಇಷ್ಟವಾಯಿತು. ಮಾತು ಇದೇ ಅಂತ ಅಲ್ಲ, ಮಾತು ಹೀಗೆ ತಾಗಿತು ಅಂತ ಹೇಳುವುದಾದರೆ ನನ್ನ ಆಕ್ಷೇಪಕ್ಕೆ ಜಾಗ ಇಲ್ಲ. ಮೌಸ್‌ನ ಎರಡು ಸಂಪುಟ ತಂದಿದ್ದೇನೆ. ವಾದ್ಯದ ಪುಟವನ್ನು ಮೊದಲೇ ತೆಗೆದು ನೋಡಿದೆ. ಕಂದೀಲು ಅವರು ಹೇಳಿದ ಹಾಗೇ ಇದೆ. ಊಟದ ಮೇಜಿನ ಚೊಕ್ಕಟ ಸಂಭಾಷಣೆಗಳ ಬಗ್ಗೆ ನನ್ನ ಅನುಮಾನ ಇನ್ನೂ ಹಾಗೇ ಇದೆ, ಅದನ್ನು ಬಿಡುವುದಿಲ್ಲ. ಇದಾದ ಮೇಲೆ ಯಾವುದು ಓದಲಿ?

ದಡದಾಚೆ

ನಿಮ್ಮ ಅನುಮಾನಕ್ಕೆ ಸರಿಯಾದ ಪುಸ್ತಕ ಟೆಸ್ಸಾ ಹಲ್ಸ್ ಅವರ ‘ಫೀಡಿಂಗ್ ಘೋಸ್ಟ್ಸ್’. 2024ರಲ್ಲಿ ಬಂತು, 2025ರಲ್ಲಿ ಆತ್ಮಕಥೆಯ ವಿಭಾಗದಲ್ಲೇ ಪುಲಿಟ್ಜರ್ ಗೆದ್ದಿತು. ಮೌಸ್‌ಗೆ ಸಿಕ್ಕದ್ದು ವಿಶೇಷ ಪ್ರಶಸ್ತಿ. ಇದನ್ನು ಅಕ್ಷರದ ಆತ್ಮಕಥೆಗಳ ಸಾಲಿನಲ್ಲೇ ಇಟ್ಟು ಆರಿಸಿದ್ದಾರೆ. ನೀವು ಕೇಳಿದ ಕಪಾಟಿನ ಪ್ರಶ್ನೆಗೆ ಅದೂ ಒಂದು ಉತ್ತರ.

ಶಾಂಘೈಯಲ್ಲಿ ಪತ್ರಕರ್ತೆಯಾಗಿದ್ದ ಅಜ್ಜಿ, ಅಮ್ಮ, ಮೊಮ್ಮಗಳು, ಮೂರು ತಲೆಮಾರು. ಅಜ್ಜಿ ಮಗಳ ಜೊತೆ ಹಾಂಗ್‌ಕಾಂಗ್‌ಗೆ ತಪ್ಪಿಸಿಕೊಂಡು ಹೋಗಿ, ತನ್ನ ಬದುಕಿನ ಬಗ್ಗೆ ಪುಸ್ತಕ ಬರೆದು, ಆಮೇಲೆ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡವಳು. ಮೊಮ್ಮಗಳಿಗೆ ಚೀನೀ ಭಾಷೆ ಓದಲು ಬರುವುದಿಲ್ಲ. ಅಜ್ಜಿಯ ಪುಸ್ತಕವನ್ನು ಅನುವಾದ ಮಾಡಿಸಿ ಓದುತ್ತಾಳೆ. ಅದರಲ್ಲಿ ಎಷ್ಟು ನಂಬಬೇಕು ಅನ್ನುವುದು ಅವಳಿಗೂ ಪ್ರಶ್ನೆ. ನೀವು ಇಲ್ಲಿ ಕೇಳಿದ್ದನ್ನೆಲ್ಲ ಅವಳು ತನ್ನ ಅಜ್ಜಿಗೆ ಕೇಳುತ್ತಾಳೆ. ಚಿತ್ರಗಳು ತುಂಬ ದಟ್ಟ, ಪುಟದ ಮೂಲೆಯವರೆಗೂ ಕಪ್ಪು ಶಾಯಿ. ಒಂದು ಸಂಜೆಯಲ್ಲಿ ಖಂಡಿತ ಮುಗಿಯುವುದಿಲ್ಲ.

ಹಳೇಪುಟ

ಹಾಗಾದರೆ ಮೌಸ್ ಮುಗಿದ ಮೇಲೆ ಅದೇ. ನಾನು ನಿಂತ ಪುಟ ಸಿಕ್ಕರೆ ಬಂದು ಬರೆಯುತ್ತೇನೆ.